ಬಿಟ್ಟುಹೋದ ಆವೃತ್ತಿ: ಈ ಲೆಕ್ಕವನ್ನು ನಾನು ಕಲಿಸುವ ಬಗೆ

ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದಲ್ಲಿ ನನಗೆ ತುಂಬ ಇಷ್ಟವಾದ ಲೆಕ್ಕವೆಂದರೆ ಸರಾಸರಿ ಕೊಟ್ಟು, ಬಿಟ್ಟುಹೋದ ಆವೃತ್ತಿ, ಅಂದರೆ ಒಂದು ಗುಂಪಿನಲ್ಲಿ ಎಷ್ಟು ಮಂದಿ ಎಂಬ ಸಂಖ್ಯೆ, ಕೇಳುವಂಥದ್ದು. ಸಂಖ್ಯಾಶಾಸ್ತ್ರದ ಪಟ್ಟಿ ನೋಡುನೋಡುತ್ತಲೇ ಬೀಜಗಣಿತದ ಸಮೀಕರಣವಾಗುತ್ತದೆ.

ಬೋರ್ಡಿನ ಮೇಲೆ 50 ಅಂಕಗಳ ಕಿರುಪರೀಕ್ಷೆಯ ಪಟ್ಟಿ ಬರೆಯುತ್ತೇನೆ. 0–10ರಲ್ಲಿ 2 ಮಕ್ಕಳು, 10–20ರಲ್ಲಿ 4, 20–30ರಲ್ಲಿ ಗೊತ್ತಿಲ್ಲದ ಸಂಖ್ಯೆ ಎಫ್, 30–40ರಲ್ಲಿ 7, 40–50ರಲ್ಲಿ 5. ಸರಾಸರಿ 28.

ಮೊದಲು ಎಲ್ಲರೂ ಕಲಿಯುವ ದಾರಿ. ವರ್ಗಾಂತರಗಳ (0–10, 10–20ರಂಥ ಗುಂಪುಗಳ) ಮಧ್ಯಬಿಂದು 5, 15, 25, 35, 45. ಆವೃತ್ತಿಯಿಂದ ಗುಣಿಸಿ ಕೂಡಿದರೆ 540, ಜೊತೆಗೆ ಎಫ್‌ನ 25 ಪಟ್ಟು. ಮಕ್ಕಳ ಸಂಖ್ಯೆ 18 ಮತ್ತು ಎಫ್. ಅದರ 28 ಪಟ್ಟು ಎಂದರೆ 504, ಜೊತೆಗೆ ಎಫ್‌ನ 28 ಪಟ್ಟು. ಎರಡನ್ನೂ ಸಮ ಮಾಡಿದರೆ ಎಫ್‌ನ 3 ಪಟ್ಟು 36, ಎಫ್ 12.

ಉತ್ತರ ಬಂತೆಂದು ನಾನು ಮುಂದಿನ ಲೆಕ್ಕಕ್ಕೆ ಹೋಗುವುದಿಲ್ಲ. ಅದೇ ಪಟ್ಟಿಯನ್ನು 28ರ ಕಡೆಯಿಂದ ನೋಡಲು ಹೇಳುತ್ತೇನೆ. ಸರಾಸರಿಯಿಂದ ತೆಗೆದ ವಿಚಲನೆಗಳನ್ನೆಲ್ಲ (ಪ್ರತಿ ಅಂಕ ಸರಾಸರಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಎಂಬ ವ್ಯತ್ಯಾಸಗಳನ್ನು) ಕೂಡಿದರೆ ಸೊನ್ನೆಯೇ ಬರಬೇಕು. ತಕ್ಕಡಿಯ ಮುಳ್ಳು 28ರಲ್ಲಿ ನಿಂತ ಹಾಗೆ. ಮೇಲಿನ ಕಡೆ 7 ಮಕ್ಕಳಿಗೆ ತಲಾ 7, 5 ಮಕ್ಕಳಿಗೆ ತಲಾ 17: ಒಟ್ಟು 134. ಕೆಳಗಿನ ಕಡೆ 2 ಮಕ್ಕಳಿಗೆ ತಲಾ 23, 4 ಮಕ್ಕಳಿಗೆ ತಲಾ 13: ಒಟ್ಟು 98. ಕೆಳಗೆ 36 ಕಡಿಮೆ ಬಿದ್ದಿದೆ. 20–30ರ ಮಕ್ಕಳು ಒಬ್ಬೊಬ್ಬರೂ 28ಕ್ಕಿಂತ 3 ಕೆಳಗೆ ಎಂದು ಲೆಕ್ಕ, ಹಾಗಾಗಿ 12 ಮಂದಿ ಬೇಕು. ಸಮೀಕರಣದಲ್ಲಿ ಪಕ್ಷಾಂತರ ಮಾಡುವಾಗ ಚಿಹ್ನೆ ತಪ್ಪಿಸುವ ಮಕ್ಕಳೂ ಇದನ್ನು ಬಾಯಲ್ಲೇ ಹೇಳಿಬಿಡುತ್ತಾರೆ. ಸರಾಸರಿ ಎಂದರೇನು ಎಂದು ಅವರಿಗೆ ಅರ್ಥವಾಗುವುದು ಇಲ್ಲೇ ಎಂದು ನನ್ನ ನಂಬಿಕೆ. ಸೂತ್ರ ಬಾಯಿಪಾಠ ಬಂದ ಮಾತ್ರಕ್ಕೆ ಅದು ಬರುವುದಿಲ್ಲ.

ಎಫ್ ಎಂದರೆ ಮಕ್ಕಳ ಸಂಖ್ಯೆ. ಅದು ಭಿನ್ನರಾಶಿಯಾಗಿಯೋ ಋಣಸಂಖ್ಯೆಯಾಗಿಯೋ ಬಂದರೆ ಲೆಕ್ಕವನ್ನು ಮೊದಲಿನಿಂದ ನೋಡಬೇಕು.

ಪಟ್ಟಿ ಅಳಿಸದೆ ಮಧ್ಯಾಂಕಕ್ಕೆ, ಅಂದರೆ ಅಂಕಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಗೆ, ಹೋಗುತ್ತೇನೆ. ಸಂಚಿತ ಆವೃತ್ತಿ (ಮೊದಲಿನಿಂದ ಕೂಡುತ್ತ ಬಂದ ಮೊತ್ತ) 2, 6, 18, 25, 30. ಮೂವತ್ತರ ಅರ್ಧ 15, ಅದು ಬೀಳುವುದು 20–30ರಲ್ಲಿ. ಇಲ್ಲಿ ಹಿಂದಿನ ವರ್ಗಾಂತರದ 6 ತೆಗೆದುಕೊಳ್ಳಬೇಕು: 15ರಲ್ಲಿ 6 ಕಳೆದು, 12ರಿಂದ ಭಾಗಿಸಿ, 10ರಿಂದ ಗುಣಿಸಿ, 20ಕ್ಕೆ ಕೂಡಿದರೆ 27.5. ಆರರ ಬದಲು 18 ಹಾಕಿದವರಿಗೆ 17.5 ಬರುತ್ತದೆ. 20–30ರಲ್ಲಿರಬೇಕಾದ ಮಧ್ಯಾಂಕ 20ಕ್ಕಿಂತ ಕೆಳಗೆ ಹೇಗೆ ಹೋಯಿತು ಎಂದು ಕೇಳಿದರೆ ಸಾಕು, ತಾವೇ ತಿದ್ದಿಕೊಳ್ಳುತ್ತಾರೆ.

ಬಹುಲಕ, ಅಂದರೆ ಅತಿ ಹೆಚ್ಚು ಸಲ ಬರುವ ಬೆಲೆ, ಅದರ ಸೂತ್ರದಿಂದ ಸುಮಾರು 26.15. ಮಧ್ಯಾಂಕದ ಮೂರು ಪಟ್ಟು, ಬಹುಲಕಕ್ಕೆ ಸರಾಸರಿಯ ಎರಡು ಪಟ್ಟು ಕೂಡಿದ್ದಕ್ಕೆ ಹೆಚ್ಚುಕಡಿಮೆ ಸಮ ಎಂಬ ಸಂಬಂಧವಿದೆ: ಇಲ್ಲಿ ಮೊದಲನೆಯದು 82.5, ಎರಡನೆಯದು 82.15. ಈ ಸಂಬಂಧ ಅಂದಾಜಿನದು, ಎಲ್ಲ ಪಟ್ಟಿಗಳಲ್ಲೂ ಇಷ್ಟು ಹತ್ತಿರ ಬರುವುದಿಲ್ಲ. ಹಾಗಾಗಿ ಮೂರನ್ನೂ ಬೇರೆಬೇರೆಯಾಗಿ ಕಂಡುಹಿಡಿದ ಮೇಲೆ, ತಾಳೆ ನೋಡಲು ಮಾತ್ರ ಇದನ್ನು ಬಳಸಿ ಎನ್ನುತ್ತೇನೆ.