ಹಿಪ್-ಹಾಪ್ ವಿಡಿಯೊದ ಹಿನ್ನೆಲೆಯನ್ನು ಓದುವ ಬಗೆ

2018ರ ಮೇ 5ರಂದು, ಚೈಲ್ಡಿಶ್ ಗ್ಯಾಂಬಿನೊ ಎಂಬ ಹೆಸರಿನಲ್ಲಿ ಹಾಡುವ ಡೊನಾಲ್ಡ್ ಗ್ಲೋವರ್ ಅವರ ‘ದಿಸ್ ಈಸ್ ಅಮೆರಿಕ’ ಬಿಡುಗಡೆಯಾಯಿತು. ನಾಲ್ಕು ನಿಮಿಷದ ಆ ವಿಡಿಯೊದಲ್ಲಿ ಕಾಣುವ ಒಂದೊಂದು ವಸ್ತುವಿಗೂ ಅರ್ಥ ಹೇಳುವ ಪಟ್ಟಿಗಳು ಕೆಲವೇ ದಿನಗಳಲ್ಲಿ ಅಂತರ್ಜಾಲದ ತುಂಬ ಹಬ್ಬಿದವು. ಕುದುರೆ ಎಂದರೆ ಸಾವು, ಗ್ಲೋವರ್ ತೊಟ್ಟ ಪ್ಯಾಂಟು ಎಂದರೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಾಗಿ ಕಾದಾಡಿದ ದಕ್ಷಿಣದ ರಾಜ್ಯಗಳ ಸೈನ್ಯ, ಮೌನ ಎಂದರೆ ಶಾಲೆಯೊಂದರಲ್ಲಿ ಗುಂಡೇಟಿಗೆ ಸತ್ತವರು ಎಂದು ಆ ಪಟ್ಟಿಗಳು ಸಾಗುತ್ತವೆ. ಬೆಡಗಿನ ವಚನಗಳಿಗೆ ಟೀಕೆ ಬರೆದವರು ಹುಲಿ, ಹುಲ್ಲೆಗಳಿಗೆಲ್ಲ ಒಂದೊಂದು ತಾತ್ವಿಕ ಅರ್ಥವನ್ನು ನಿಗದಿಮಾಡಿದ ಕ್ರಮ ಇದನ್ನು ನೋಡಿದಾಗ ನೆನಪಾಗುತ್ತದೆ. ಆದರೆ ಆ ಟೀಕಾಕಾರರ ಬೆನ್ನಿಗೆ ಒಂದು ದರ್ಶನದ ಪರಿಭಾಷೆಯಿತ್ತು. ಮ್ಯೂಸಿಕ್ ವಿಡಿಯೊಗೆ ಅಂಥ ಸಿದ್ಧ ನಿಘಂಟು ಇಲ್ಲ. ಇಲ್ಲಿ ಒಂದು ಚಿತ್ರ ಏನನ್ನು ಸೂಚಿಸುತ್ತದೆ ಎಂಬುದು ಅದರ ಪಕ್ಕದಲ್ಲಿ, ಅದರ ಹಿಂದೆ, ಅದೇ ಕ್ಷಣದಲ್ಲಿ ಏನು ನಡೆಯುತ್ತಿದೆ ಎಂಬುದರ ಮೇಲೆ ನಿಂತಿರುತ್ತದೆ. ಆ ಸಂಬಂಧವನ್ನು ಗುರುತಿಸಲು ಕಣ್ಣನ್ನು ಹೇಗೆ ಪಳಗಿಸಿಕೊಳ್ಳಬಹುದು ಎಂಬುದನ್ನು, ಮುಖ್ಯವಾಗಿ ಇದೇ ವಿಡಿಯೊವನ್ನು ಮುಂದಿಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ.

ಮೊದಲು ಕಂಡದ್ದನ್ನಷ್ಟೇ ಬರೆಯಿರಿ

ಪದ ನೇರವಾಗಿ ಹೇಳುವ ವಾಚ್ಯಾರ್ಥವನ್ನು ಹಿಡಿದೇ ಅದು ಸೂಚಿಸುವ ವ್ಯಂಗ್ಯಾರ್ಥಕ್ಕೆ ಹೋಗಬೇಕು, ಬೆಳಕು ಬೇಕಾದವನು ಮೊದಲು ದೀಪದ ಕುಡಿಯನ್ನು ಜೋಪಾನಮಾಡುತ್ತಾನೆ ಎಂದು ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನ ಸಾವಿರ ವರ್ಷಕ್ಕೂ ಹಿಂದೆ ಹೇಳಿದ್ದಾನೆ. ಮ್ಯೂಸಿಕ್ ವಿಡಿಯೊ ನೋಡುವವರಿಗೂ ಇದಕ್ಕಿಂತ ಒಳ್ಳೆಯ ಸೂಚನೆಯನ್ನು ನಾನು ಕಂಡಿಲ್ಲ. ಮೊದಲ ಸಲ ಸದ್ದನ್ನು ಪೂರ್ತಿಯಾಗಿ ಆರಿಸಿ ವಿಡಿಯೊ ನೋಡಿ, ಕಂಡದ್ದನ್ನು ಅರ್ಥ ಹಚ್ಚದೆ ಬರೆದಿಟ್ಟುಕೊಳ್ಳಿ. ಯೂಟ್ಯೂಬನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದರೆ, ವಿಡಿಯೊವನ್ನು ನಿಲ್ಲಿಸಿ ಅಲ್ಪವಿರಾಮದ ಮತ್ತು ಪೂರ್ಣವಿರಾಮದ ಕೀಲಿಗಳನ್ನು ಒತ್ತಿದರೆ ಒಂದೊಂದೇ ಚೌಕಟ್ಟು ಹಿಂದಕ್ಕೆ, ಮುಂದಕ್ಕೆ ಸರಿಯುತ್ತದೆ; ಗುಂಪಿನ ದೃಶ್ಯಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ.

‘ದಿಸ್ ಈಸ್ ಅಮೆರಿಕ’ದ ಮೊದಲ ನಿಮಿಷದ ಬರಹ ಹೆಚ್ಚುಕಡಿಮೆ ಹೀಗಿರಬೇಕು. ವಿಶಾಲವಾದ ಖಾಲಿ ಗೋದಾಮು. ಅಲ್ಲೊಂದು ಕುರ್ಚಿ, ಅದರ ಮೇಲೆ ಗಿಟಾರು. ಒಬ್ಬಾತ ಬಂದು ಕುಳಿತು ನುಡಿಸುತ್ತಾನೆ. ಅಂಗಿಯಿಲ್ಲದೆ, ನಮಗೆ ಬೆನ್ನು ತೋರಿಸಿ ನಿಂತಿದ್ದ ಇನ್ನೊಬ್ಬ ತಿರುಗಿ, ಕುಣಿಯುತ್ತ ಅವನ ಬಳಿಗೆ ಬರುತ್ತಾನೆ. ಅಷ್ಟರಲ್ಲಿ ಕುಳಿತವನ ತಲೆಗೆ ಮುಸುಕು ಬಿದ್ದಿದೆ, ಕೈಯಲ್ಲಿ ಗಿಟಾರಿಲ್ಲ. ಕುಣಿಯುತ್ತಿದ್ದವನು ಪಿಸ್ತೂಲು ತೆಗೆದು ಅವನ ತಲೆಗೆ ಹಿಂದಿನಿಂದ ಗುಂಡು ಹೊಡೆಯುತ್ತಾನೆ. ಹುಡುಗನೊಬ್ಬ ಓಡಿಬಂದು ಕೆಂಪು ಬಟ್ಟೆಯನ್ನು ಒಡ್ಡಿ ಪಿಸ್ತೂಲನ್ನು ಅದರಲ್ಲಿ ಪಡೆಯುತ್ತಾನೆ. ಹೆಣವನ್ನು ನೆಲದ ಮೇಲೆ ಎಳೆದೊಯ್ಯುತ್ತಾರೆ.

ಈ ಬರಹದಲ್ಲಿ ಅಮೆರಿಕದ ಇತಿಹಾಸದ ಒಂದು ಅಕ್ಷರವೂ ಇಲ್ಲ. ಆದರೂ ಮುಖ್ಯವಾದ ಮಾತು ಆಗಲೇ ಕೈಗೆ ಸಿಕ್ಕಿದೆ: ಆಯುಧವನ್ನು ಮೆತ್ತನೆಯ ಬಟ್ಟೆಯಲ್ಲಿ ಜೋಪಾನವಾಗಿ ಎತ್ತಿಕೊಳ್ಳುತ್ತಾರೆ, ಮನುಷ್ಯನನ್ನು ಕಸದಂತೆ ಎಳೆಯುತ್ತಾರೆ. ಮುಂದೆ ಚರ್ಚಿನ ಗಾಯನವೃಂದದ ಮೇಲೆ ಬಂದೂಕಿನಿಂದ ಗುಂಡಿನ ಮಳೆ ಸುರಿದಾಗಲೂ ಅದೇ ಕೆಂಪು ಬಟ್ಟೆ ಬರುತ್ತದೆ. ಒಮ್ಮೆ ಬಂದದ್ದನ್ನು ಅಲಂಕಾರವೆಂದು ಬಿಡಬಹುದು. ಅದೇ ಸನ್ನಿವೇಶದಲ್ಲಿ ಎರಡನೇ ಸಲ ಬಂದದ್ದನ್ನು ನಿರ್ದೇಶಕರು ನಮ್ಮ ಕಣ್ಣಿಗೆ ಬೀಳಲೆಂದೇ ಇಟ್ಟಿದ್ದಾರೆಂದು ತಿಳಿಯಬೇಕು. ವಿಡಿಯೊದೊಳಗೇ ಸಿಗುವ ಇಂಥ ಪುನರಾವೃತ್ತಿಗಿಂತ ಗಟ್ಟಿಯಾದ ಸಾಕ್ಷ್ಯ ಬೇರೆ ಇಲ್ಲ.

ಆಮೇಲೆ ಕೇಳಿ, ಆಮೇಲೆ ಕೂಡಿಸಿ

ಎರಡನೇ ಸಲ ಪರದೆಯನ್ನು ಮುಚ್ಚಿ ಹಾಡನ್ನಷ್ಟೇ ಕೇಳಿ. ಹಗುರವಾದ ಮೇಳದ ಸ್ವರ, ಗಿಟಾರಿನ ನಾದ, ಹಬ್ಬದ ಉಲ್ಲಾಸ. ಅನಂತರ ಇದ್ದಕ್ಕಿದ್ದಂತೆ ಎದೆಗೆ ಗುದ್ದುವ, ಟ್ರ್ಯಾಪ್ ಎಂಬ ಹಿಪ್-ಹಾಪ್ ಶೈಲಿಯ ಮಂದ್ರ. ಮೂರನೇ ಸಲ ಎರಡನ್ನೂ ಕೂಡಿಸಿದಾಗ, ಆ ತಿರುವು ಬರುವುದು ಗುಂಡಿನ ಸದ್ದಿನ ಮೇಲೆಯೇ ಎಂಬುದು ಗೊತ್ತಾಗುತ್ತದೆ. ಹಾಡಿನ ಎರಡು ಮನಃಸ್ಥಿತಿಗಳ ನಡುವಿನ ಕೀಲು ಒಂದು ಕೊಲೆ. ಹಾಡಿನ ಸಾಹಿತ್ಯವನ್ನು ಮಾತ್ರ ಓದಿದವರಿಗೆ ಇದು ಎಂದೂ ತಿಳಿಯುವುದಿಲ್ಲ.

ಪದಗಳ ಮಟ್ಟದಲ್ಲಿ ಬೀದಿಮಾತಿನ ಎರಡರ್ಥಗಳನ್ನು ಗಮನಿಸಬೇಕು. ಹಾಡಿನ ಒಂದೆಡೆ ‘ಸೆಲ್ಲಿ’ ಮತ್ತು ‘ಟೂಲ್’ ಎಂಬ ಪದಗಳು ಅಕ್ಕಪಕ್ಕದಲ್ಲಿ ಬರುತ್ತವೆ. ‘ಸೆಲ್ಲಿ’ ಎಂದರೆ ಮೊಬೈಲು, ಸೆರೆಮನೆಯ ಕೋಣೆಯ ನೆರಳೂ ಆ ಪದದಲ್ಲಿದೆ; ‘ಟೂಲ್’ ಎಂದರೆ ಸಲಕರಣೆ, ಬೀದಿಮಾತಿನಲ್ಲಿ ಬಂದೂಕು. ಆ ಸಾಲು ಬರುವಾಗ ಕ್ಯಾಮೆರಾ ಮೇಲಕ್ಕೆ ಸರಿದು, ಬಾಯಿಗೆ ಬಟ್ಟೆ ಕಟ್ಟಿಕೊಂಡ ಹುಡುಗರು ಅಟ್ಟದಂಥ ಎತ್ತರದಲ್ಲಿ ಕುಳಿತು ಕೆಳಗಿನ ಗಲಭೆಯನ್ನು ಫೋನಿನಲ್ಲಿ ಚಿತ್ರೀಕರಿಸುತ್ತಿರುವುದನ್ನು ತೋರಿಸುತ್ತದೆ. ಅದೇ ವರ್ಷದ ಮಾರ್ಚ್ 18ರಂದು ಸ್ಯಾಕ್ರಮೆಂಟೊ ನಗರದಲ್ಲಿ ಸ್ಟೆಫಾನ್ ಕ್ಲಾರ್ಕ್ ಎಂಬ 22 ವರ್ಷದ ಕಪ್ಪುವರ್ಣೀಯ ಯುವಕನನ್ನು ಅಜ್ಜಿಯ ಮನೆಯ ಹಿತ್ತಲಲ್ಲಿ ಪೊಲೀಸರು ಗುಂಡಿಟ್ಟು ಕೊಂದಿದ್ದರು. ಅವನ ಬಳಿ ಇದ್ದದ್ದು ಮೊಬೈಲು ಮಾತ್ರ. ಈ ಘಟನೆಯನ್ನೇ ಹಾಡು ಹೇಳುತ್ತಿದೆ ಎಂದು ನಾನು ಸಾಧಿಸಲಾರೆ. ಆದರೆ ಫೋನನ್ನು ಬಂದೂಕೆಂದು ಭ್ರಮಿಸಿ ಕೊಲ್ಲುವುದು, ಅದೇ ಫೋನು ಕೊಲೆಗೆ ಸಾಕ್ಷಿಯಾಗುವುದು, ಅದೇ ಸಾಕ್ಷಿ ಮನರಂಜನೆಯೂ ಆಗಿಬಿಡುವುದು, ಈ ಮೂರೂ ಒಂದೇ ಸಾಲಿನಲ್ಲಿ ಹೆಣೆದುಕೊಂಡಿವೆ ಎನ್ನಲು ಪದ ಮತ್ತು ಚಿತ್ರ ಎರಡೂ ಆಧಾರ ಕೊಡುತ್ತವೆ.

ನಡುವಿನವನನ್ನು ಅಂಗೈಯಿಂದ ಮರೆಮಾಡಿ

ನಾನು ಈ ವಿಡಿಯೊವನ್ನು ಮೊದಲ ಸಲ ನೋಡಿದಾಗ ಹಿನ್ನೆಲೆಯಲ್ಲಿ ಹಾದುಹೋಗುವ ಬಿಳಿಯ ಕುದುರೆ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಗ್ಲೋವರ್ ಮತ್ತು ಶಾಲೆಯ ಸಮವಸ್ತ್ರದ ಮಕ್ಕಳ ಕುಣಿತದಲ್ಲಿ ದೃಷ್ಟಿ ನೆಟ್ಟುಹೋಗಿತ್ತು. ನಿರ್ದೇಶಕ ಹಿರೊ ಮುರಾಯ್ ಅವರ ಕ್ಯಾಮೆರಾ ಕತ್ತರಿಯ ಗೊಡವೆಯಿಲ್ಲದಂತೆ ದೀರ್ಘವಾಗಿ ನರ್ತಕನ ಬೆನ್ನು ಹತ್ತುತ್ತದೆ. ಜನ ಓಡುವುದು, ಬೀಳುವುದು, ಹೊಡೆದಾಡುವುದು ಎಲ್ಲವೂ ಅವನ ಹಿಂದೆ, ಕೊಂಚ ಮಸುಕಾಗಿ ನಡೆಯುತ್ತವೆ. ಆದ್ದರಿಂದ ಒಂದು ಸಲ ಪರದೆಯ ನಡುಭಾಗಕ್ಕೆ ಅಂಗೈ ಅಡ್ಡಹಿಡಿದು, ಉಳಿದ ಅಂಚುಗಳನ್ನಷ್ಟೇ ನೋಡಿ. ಆಗ ಕಾಣುವುದು ಬೇರೆಯೇ ವಿಡಿಯೊ. ಮತ್ತೆ ಕೈ ತೆಗೆದಾಗ, ಮುಂದಿನ ಕುಣಿತ ಹಿಂದಿನ ಹಿಂಸೆಯನ್ನು ಹೇಗೆ ಮರೆಸುತ್ತಿದೆ ಎಂಬುದು ಅನುಭವಕ್ಕೇ ಬರುತ್ತದೆ. ಆ ಕುಣಿತದಲ್ಲಿ ದಕ್ಷಿಣ ಆಫ್ರಿಕದ ಗ್ವಾರಾ ಗ್ವಾರಾದಂಥ ಹೆಜ್ಜೆಗಳಿವೆ, ಆ ಕಾಲಕ್ಕೆ ಅಮೆರಿಕದ ಹದಿಹರೆಯದವರು ಫೋನುಗಳಲ್ಲಿ ಹಂಚಿಕೊಳ್ಳುತ್ತಿದ್ದ ಹೆಜ್ಜೆಗಳೂ ಇವೆ. ನೃತ್ಯ ಸಂಯೋಜಕಿ ಶೆರಿ ಸಿಲ್ವರ್ ರುವಾಂಡದಲ್ಲಿ ಹುಟ್ಟಿದವರು. ಕಪ್ಪುವರ್ಣೀಯರ ಹಾಡು, ಕುಣಿತಗಳನ್ನು ಜಗತ್ತು ಆನಂದದಿಂದ ಪಡೆಯುತ್ತದೆ, ಅವರ ಸಾವಿನತ್ತ ಮಾತ್ರ ಕಣ್ಣು ಹಾಯಿಸುವುದಿಲ್ಲ ಎಂಬ ಟೀಕೆಯನ್ನು ಈ ವಿಡಿಯೊ ಬಾಯಲ್ಲಿ ಹೇಳುವುದಿಲ್ಲ. ನೋಡುಗರ ಕಣ್ಣಿನಿಂದಲೇ ಮಾಡಿಸಿ ತೋರಿಸುತ್ತದೆ. ಸಾಮಾಜಿಕ ಟೀಕೆ ಹೀಗೆ ವಿಡಿಯೊದ ಕಟ್ಟೋಣದಲ್ಲೇ ಇರುವುದನ್ನು ಗುರುತಿಸುವುದು ನೂರು ವಸ್ತುಗಳ ಅರ್ಥ ಬಿಡಿಸುವುದಕ್ಕಿಂತ ಹೆಚ್ಚಿನ ಕೆಲಸವೆಂದು ನಾನು ನಂಬಿದ್ದೇನೆ.

ಇತಿಹಾಸವನ್ನು ಎಲ್ಲಿ ತರಬೇಕು

ಮೊದಲ ಗುಂಡು ಹಾರಿಸುವಾಗ ಗ್ಲೋವರ್ ನಿಲ್ಲುವ ಭಂಗಿಯನ್ನು ನಿಲ್ಲಿಸಿ ನೋಡಿ. ಮಂಡಿ ಬಾಗಿದೆ, ಸೊಂಟ ಓರೆಯಾಗಿದೆ, ಒಂದು ಕೈ ಹಿಂದಕ್ಕೆ ಹೋಗಿದೆ. ಗುಂಡು ಹೊಡೆಯಲು ಯಾರೂ ಹಾಗೆ ನಿಲ್ಲುವುದಿಲ್ಲ. ಸನ್ನಿವೇಶಕ್ಕೆ ಬೇಡವಾದ ಭಂಗಿಯೊಂದು ಕಂಡಾಗ ಅದು ಬೇರೆಲ್ಲಿಂದಲೋ ಬಂದಿದೆಯೇ ಎಂದು ಹುಡುಕಬೇಕು. 1830ರ ದಶಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡು ‘ಜಿಮ್ ಕ್ರೋ’ ಎಂಬ ಪಾತ್ರವಾಗಿ ಕುಣಿದು, ಕಪ್ಪುವರ್ಣೀಯರನ್ನು ನಗೆಪಾಟಲು ಮಾಡಿ ಹೆಸರು ಗಳಿಸಿದ್ದ. ಅವನ ಪ್ರದರ್ಶನದ ಮುದ್ರಿತ ಚಿತ್ರಗಳಲ್ಲಿ ಇದೇ ಬಗೆಯ ಬಾಗು ಕಾಣುತ್ತದೆ. ಮುಂದೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪುವರ್ಣೀಯರನ್ನು ಶಾಲೆ, ರೈಲು, ಮತಗಟ್ಟೆಗಳಿಂದ ದೂರವಿಟ್ಟ ಕಾನೂನುಗಳಿಗೆ ಆ ಪಾತ್ರದ ಹೆಸರೇ ಅಂಟಿಕೊಂಡು, 1964 ಮತ್ತು 1965ರ ನಾಗರಿಕ ಹಕ್ಕುಗಳ ಶಾಸನಗಳವರೆಗೂ ಉಳಿದುಬಂತು. ಭಂಗಿಯ ಹೋಲಿಕೆ, ಮನರಂಜನೆಯ ಪ್ರಸ್ತಾಪ, ಹಿಂಸೆಯ ಕ್ಷಣ ಮೂರೂ ಒಂದೆಡೆ ಸೇರುವುದರಿಂದ ಈ ಓದನ್ನು ನಾನು ಬಹಳ ಬಲವಾದದ್ದೆಂದು ಎಣಿಸುತ್ತೇನೆ.

ಗಾಯನವೃಂದದ ಹತ್ಯೆಯನ್ನು 2015ರ ಜೂನ್ 17ರಂದು ಚಾರ್ಲ್ಸ್‌ಟನ್ನಿನ ಇಮ್ಯಾನುಯೆಲ್ ಚರ್ಚಿನಲ್ಲಿ ಬಿಳಿಯ ಜನಾಂಗವಾದಿಯೊಬ್ಬ ಒಂಬತ್ತು ಕಪ್ಪುವರ್ಣೀಯರನ್ನು ಕೊಂದ ಘಟನೆಯೊಂದಿಗೆ ಜೋಡಿಸುವುದು ವಾಡಿಕೆ. ವಿಡಿಯೊದ ವೃಂದದಲ್ಲಿರುವವರು ಹತ್ತು ಮಂದಿ, ಕೊಲ್ಲುವವನೂ ಕಪ್ಪುವರ್ಣೀಯನೇ. ಇಂಥ ವ್ಯತ್ಯಾಸವನ್ನು ಮುಚ್ಚಿಡಬಾರದು. ವಿಡಿಯೊ ಆ ಘಟನೆಯನ್ನು ನೆನಪಿಸುತ್ತದೆ, ಮರುನಿರ್ಮಿಸುವುದಿಲ್ಲ ಎಂದು ಬರೆದರೆ ಓದು ಪ್ರಾಮಾಣಿಕವಾಗಿ ಉಳಿಯುತ್ತದೆ.

ಕುದುರೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೈಬಲಿನ ಪ್ರಕಟನೆ ಗ್ರಂಥದ ಆರನೆಯ ಅಧ್ಯಾಯದಲ್ಲಿ ನಾಲ್ಕು ಕುದುರೆಗಳು ಬರುತ್ತವೆ. ಬಿಳಿಯ ಕುದುರೆಯ ಸವಾರ ಗೆಲ್ಲಲು ಹೊರಟವನು, ಸಾವು ಕುಳಿತಿರುವುದು ಕಳೆಗುಂದಿದ ಬಣ್ಣದ ನಾಲ್ಕನೆಯ ಕುದುರೆಯ ಮೇಲೆ. ವಿಡಿಯೊದ ಕುದುರೆ ಬಿಳಿಯದು. ಆದರೆ ಸವಾರನ ತಲೆಯ ಮೇಲೆ ಕಪ್ಪು ಮುಸುಕಿದೆ, ಹಿಂದೆ ಪೊಲೀಸ್ ಕಾರು ಬರುತ್ತದೆ. ಗ್ರಂಥದಲ್ಲಿ ಸಾವಿನ ಹಿಂದೆ ಪಾತಾಳ ಹಿಂಬಾಲಿಸಿ ಬರುತ್ತದೆ. ಬಣ್ಣ ಹೊಂದದಿದ್ದರೂ ಈ ಹಿಂಬಾಲಿಕೆ ಹೊಂದುತ್ತದೆ. ಆದ್ದರಿಂದ ಇದು ಒಪ್ಪಬಹುದಾದ, ಆದರೆ ಪೂರ್ತಿ ಖಚಿತವಲ್ಲದ ಓದು. ಪ್ಯಾಂಟಿನ ವಾದಕ್ಕೆ ಬಣ್ಣದ ಹೋಲಿಕೆಯೊಂದನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಗ್ಲೋವರ್ ಬಂದೂಕು ಹಿಡಿದಂತೆ ಕೈಯೆತ್ತಿ ನಿಂತ ಮೇಲೆ ಬರುವ ಮೌನ 17 ಸೆಕೆಂಡುಗಳದ್ದು, ಅದು 2018ರ ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡಿನ ಶಾಲೆಯಲ್ಲಿ ಸತ್ತ 17 ಮಂದಿಗೆ ಸಲ್ಲಿಸಿದ ಗೌರವ ಎಂಬ ವಾದವೂ ಪ್ರಸಿದ್ಧ. ಆದರೆ ಎಲ್ಲಿಂದ ಎಣಿಸುತ್ತೀರಿ ಎಂಬುದರ ಮೇಲೆ ಆ ಸಂಖ್ಯೆ ಬದಲಾಗುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ಓದಿನ ಮುಂದೆ ಬಲವಾದದ್ದು, ಸಾಧ್ಯವಾದದ್ದು, ದುರ್ಬಲವಾದದ್ದು ಎಂಬ ಮೂರರಲ್ಲಿ ಒಂದನ್ನು ಗುರುತುಹಾಕಿ, ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಅರ್ಥ ಬಿಡಿಸಿ ಹೇಳಲು ಗ್ಲೋವರ್ ಒಪ್ಪಲಿಲ್ಲವಾದ್ದರಿಂದ ಈ ತೂಕ ಹಾಕುವ ಕೆಲಸ ನೋಡುಗರ ಪಾಲಿನದೇ.

ನಮ್ಮ ನೆನಪುಗಳ ಬಗ್ಗೆ ಒಂದು ಮಾತು

ಕೆಂಡ್ರಿಕ್ ಲಾಮಾರ್ ಅವರ ‘ಆಲ್‌ರೈಟ್’ (2015) ಕಪ್ಪು-ಬಿಳುಪಿನ ವಿಡಿಯೊ. ಅದರಲ್ಲಿ ಲಾಮಾರ್ ಮತ್ತು ಗೆಳೆಯರು ಕುಳಿತ ಕಾರನ್ನು ನಾಲ್ವರು ಬಿಳಿಯ ಪೊಲೀಸರು ಹೆಗಲ ಮೇಲೆ ಹೊತ್ತು ನಡೆಯುತ್ತಾರೆ. ಕನ್ನಡಿಗರ ಮನಸ್ಸಿಗೆ ಇದನ್ನು ನೋಡಿದ ಕೂಡಲೇ ಪಲ್ಲಕ್ಕಿಯೋ ಚಟ್ಟವೋ ಹೊಳೆಯುತ್ತದೆ. ನಾಲ್ಕು ಹೆಗಲು ಎಂದರೆ ನಮಗೆ ಕೊನೆಯ ಪಯಣ. ಈ ಹೊಳಹು ಸುಳ್ಳಲ್ಲ, ಆದರೆ ಅದು ನಮ್ಮದು. ಅಧಿಕಾರದ ಕ್ರಮ ತಲೆಕೆಳಗಾಗಿದೆ ಎಂಬುದಕ್ಕೆ ದೃಶ್ಯವೇ ಆಧಾರ. ಹೆಗಲ ಲೆಕ್ಕಕ್ಕೆ ಆಧಾರ ನಮ್ಮ ಊರಿನ ರೂಢಿ. ಎರಡನ್ನೂ ಬರೆಯಿರಿ, ಯಾವುದು ಎಲ್ಲಿಂದ ಬಂತು ಎಂಬುದನ್ನೂ ಬರೆಯಿರಿ. ಅದೇ ವಿಡಿಯೊದಲ್ಲಿ ಲಾಮಾರ್ ನಗರದ ಬೀದಿಗಳ ಮೇಲೆ ತೇಲುತ್ತಾರೆ. ಗುಲಾಮರಾಗಿ ಬಂದ ಆಫ್ರಿಕನ್ನರು ರೆಕ್ಕೆಯಿಲ್ಲದೆಯೇ ಹಾರಿ ತಾಯ್ನಾಡಿಗೆ ಮರಳಿದರೆಂಬ ಜನಪದ ಕಥೆಗಳು ಆ ಸಮುದಾಯದಲ್ಲಿ ಬಹುಕಾಲದಿಂದ ಇವೆ; 1803ರಲ್ಲಿ ಜಾರ್ಜಿಯದ ಕರಾವಳಿಯಲ್ಲಿ ಪಶ್ಚಿಮ ಆಫ್ರಿಕದ ಇಗ್ಬೊ ಜನಾಂಗದ ಬಂದಿಗಳು ದಾಸ್ಯಕ್ಕಿಂತ ನೀರಿಗಿಳಿದು ಸಾಯುವುದನ್ನೇ ಆರಿಸಿಕೊಂಡ ಘಟನೆಯೂ ಹಾರಾಟದ ಕಥೆಯಾಗಿ ಉಳಿದಿದೆ. ಈ ಕಥೆಗಳನ್ನು ತಿಳಿದವರಿಗೆ ಕೊನೆಯ ದೃಶ್ಯ ಇನ್ನಷ್ಟು ಭಾರವಾಗುತ್ತದೆ. ದೀಪದ ಕಂಬದ ತುದಿಯಲ್ಲಿ ನಿಂತ ಲಾಮಾರ್ ಅವರತ್ತ ಪೊಲೀಸನೊಬ್ಬ ಬೆರಳನ್ನೇ ಬಂದೂಕಿನಂತೆ ಚಾಚುತ್ತಾನೆ, ಲಾಮಾರ್ ಉರುಳಿ ಬೀಳುತ್ತಾರೆ, ಬಿದ್ದವರ ಮುಖದಲ್ಲಿ ನಗು ಮೂಡುತ್ತದೆ. ಆ ವರ್ಷ ಅಮೆರಿಕದ ಪ್ರತಿಭಟನಕಾರರು ಬೀದಿಯಲ್ಲಿ ಈ ಹಾಡಿನ ಪಲ್ಲವಿಯನ್ನೇ ಘೋಷಣೆಯಾಗಿ ಕೂಗಿದ್ದರು. ವಿಡಿಯೊವೊಂದರ ಅರ್ಥವನ್ನು ಅದರ ಹೊರಗಿನ ಬಳಕೆಯೂ ಕಟ್ಟುತ್ತದೆ.

ಕೆಲವು ವಿಡಿಯೊಗಳು ಅವಮಾನಕರ ಚಿತ್ರಗಳನ್ನೇ ಬೇಕೆಂದು ಬಳಸುತ್ತವೆ. ಜೇ-ಝಿ ಅವರ ‘ದ ಸ್ಟೋರಿ ಆಫ್ ಓಜೆ’ (2017), ಕಪ್ಪುವರ್ಣೀಯರನ್ನು ದಪ್ಪ ತುಟಿಯ ವಿಕಾರರೂಪಗಳಾಗಿ ಬರೆಯುತ್ತಿದ್ದ ಹಳೆಯ ಅಮೆರಿಕನ್ ಕಾರ್ಟೂನುಗಳ ಶೈಲಿಯಲ್ಲೇ ಇದೆ. ಇಂಥಲ್ಲಿ ಆ ವಿಕಾರವನ್ನು ನೋಡಿ ನಗಿಸುತ್ತಾರೋ ಅಥವಾ ನಗಲಾರದ ಕಡೆಗೆ ನಮ್ಮನ್ನು ಒಯ್ಯುತ್ತಾರೋ ಎಂದು ಕೇಳಿಕೊಳ್ಳಿ. ಅದೇ ಚಿತ್ರ ಗುಲಾಮರ ಹರಾಜಿನ ಕಟ್ಟೆಯ ಮೇಲೆ ನಿಂತಾಗ ಉತ್ತರ ಸಿಗುತ್ತದೆ.

ಟೀಕೆಯಿರುವ ವಿಡಿಯೊವನ್ನೂ ಟೀಕೆಯ ಕಣ್ಣಿನಿಂದಲೇ ನೋಡಬೇಕು. ‘ದಿಸ್ ಈಸ್ ಅಮೆರಿಕ’ದ ಕೊನೆಯ ಭಾಗದಲ್ಲಿ ಗಾಯಕಿ ಸಿಝಾ ಕಾರಿನ ಮೇಲೆ ಕುಳಿತಿದ್ದಾರೆ, ಅವರಿಗೆ ಒಂದು ಮಾತೂ ಇಲ್ಲ. ಹಿಂಸೆ, ಕುಣಿತ, ಓಟ ಎಲ್ಲದರ ಕೇಂದ್ರದಲ್ಲಿ ಗಂಡಸೇ ಇದ್ದಾನೆ. ಈ ಹಾಡಿಗೆ 2019ರಲ್ಲಿ ನಾಲ್ಕು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಅವು ಈ ಪ್ರಶ್ನೆಯನ್ನು ಕೇಳದಂತೆ ನಮ್ಮನ್ನು ತಡೆಯಬಾರದು.

ಹತ್ತಿರದ ವಿಡಿಯೊದಲ್ಲಿ ಅಭ್ಯಾಸ

ಕೇರಳದಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬೆಳೆದು, ಬೆಂಗಳೂರಿನಲ್ಲಿ ನೆಲೆಸಿದ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ 2024ರಲ್ಲಿ ಜಗತ್ತಿನೆಲ್ಲೆಡೆ ಹರಡಿತು. ಬಿಜೊಯ್ ಶೆಟ್ಟಿ ನಿರ್ದೇಶಿಸಿದ ಆ ವಿಡಿಯೊ ನಡೆಯುವುದು ನಾವು ಜಾತ್ರೆಗಳಲ್ಲಿ ಕಂಡಿರುವ ಮರಣ ಬಾವಿಯಲ್ಲಿ. ಗಾಯಕ ಬಾವಿಯ ತಳದಲ್ಲಿದ್ದಾರೆ; ಬೈಕು, ಕಾರುಗಳು ನೆಟ್ಟಗಿನ ಗೋಡೆಯ ಮೇಲೆ ಸುತ್ತುತ್ತವೆ. ಹಾಡಿನ ಮಾತುಗಳು ಬಹುಪಾಲು ಗಾಯಕನ ಗತ್ತನ್ನೇ ಸಾರುತ್ತವೆ. ಹಾಗಾದರೆ ಇಲ್ಲಿ ಸಾಮಾಜಿಕ ಟೀಕೆ ಇದೆಯೇ, ಇಲ್ಲವೇ? ಇದೆ ಎಂದೇ ಹೊರಡಬೇಡಿ. ಸದ್ದು ಆರಿಸಿ, ತಳದಲ್ಲಿ ನಿಂತವನನ್ನು ಅಂಗೈಯಿಂದ ಮರೆಮಾಡಿ, ಗೋಡೆಯ ಮೇಲೆ ಪ್ರಾಣ ಪಣಕ್ಕಿಟ್ಟು ದಿನದ ಕೂಲಿ ದುಡಿಯುವ ಆ ಸವಾರರ ಮುಖಗಳಿಗೆ ಕ್ಯಾಮೆರಾ ಎಷ್ಟು ಹೊತ್ತು ಕೊಡುತ್ತದೆ ಎಂಬುದನ್ನು ಚೌಕಟ್ಟು ಚೌಕಟ್ಟಾಗಿ ಎಣಿಸಿ ಬರೆದುಕೊಳ್ಳಿ.