‘ವ್ಯರ್ಥವಾಗಿ ಸಮುದ್ರ ಸೇರುವ ನೀರು’ ಎಂದು ನಾನೇ ಬರೆದಿದ್ದೆ

ಪತ್ರಿಕೆಯ ಡೆಸ್ಕಿನಲ್ಲಿ ಕೂತು ನನಗೆ ಇಪ್ಪತ್ತು ವರ್ಷವಾಗುತ್ತ ಬಂತು. ವರದಿಗಾರರ ಹೆಸರು ಸುದ್ದಿಯ ಮೇಲೆ ಬರುತ್ತದೆ, ಉಪಸಂಪಾದಕನದ್ದು ಎಲ್ಲೂ ಬರುವುದಿಲ್ಲ. ಆದರೆ ಬೆಳಿಗ್ಗೆ ಕಾಫಿ ಕುಡಿಯುತ್ತ ನೀವು ಮೊದಲು ಓದುವ ತಲೆಬರಹ ನಮ್ಮ ಕೈಯದ್ದು. ಸುದ್ದಿಯೊಳಗೆ ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದೂ ನಮ್ಮದೇ. ಈ ಅಧಿಕಾರ ನನಗಿದೆ ಎಂದು ಗೊತ್ತಾಗಲು ನನಗೆ ವರ್ಗಾವಣೆಯೇ ಆಗಬೇಕಾಯಿತು.

ಮೊದಲು ಮಂಗಳೂರು ಆವೃತ್ತಿಯಲ್ಲಿದ್ದೆ. ಪಶ್ಚಿಮ ಘಟ್ಟದ ಹೊಳೆ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಸುದ್ದಿ ಅಲ್ಲಿ ಬಂದರೆ ನಮ್ಮ ಕೈ ತಾನಾಗಿ ‘ನೇತ್ರಾವತಿ ತಿರುವು’ ಎಂದು ಟೈಪ್ ಮಾಡುತ್ತಿತ್ತು. ಆಮೇಲೆ ಬೆಂಗಳೂರಿಗೆ ಹಾಕಿದರು. ಕೋಲಾರ, ಚಿಕ್ಕಬಳ್ಳಾಪುರದ ಪುಟಗಳು ನನ್ನ ಪಾಲಿಗೆ ಬಂದವು. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಯೋಜನೆಯ ಶಂಕುಸ್ಥಾಪನೆ ಆಯಿತು. ಆ ಸುದ್ದಿಗೆ ನಾನು ಹಾಕಿದ ಹೆಸರು ‘ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆ’. ಮಾರನೇ ದಿನ ಸುಮ್ನೆ ಮಂಗಳೂರು ಆವೃತ್ತಿ ತಿರುವಿ ನೋಡಿದೆ. ಅದೇ ಸಮಾರಂಭ, ಅದೇ ಫೋಟೊ, ಪತ್ರಿಕೆಯೂ ಅದೇ. ಅಲ್ಲಿ ಅದು ‘ನೇತ್ರಾವತಿ ತಿರುವು’. ನನ್ನ ಹಳೇ ಕುರ್ಚಿಯಲ್ಲಿ ಕೂತವರು ನಾನು ಬರೆಯುತ್ತಿದ್ದುದನ್ನೇ ಬರೆದಿದ್ದರು. ನಾನು ಮಾತ್ರ ಬದಲಾಗಿದ್ದೆ. ಯಾರೂ ಫೋನ್ ಮಾಡಿ ‘ಹೀಗೆ ಬರೆಯಿರಿ’ ಎಂದಿರಲಿಲ್ಲ. ಘಾಟಿ ಹತ್ತಿ ಬಂದಿದ್ದಷ್ಟೇ, ಪದ ಬದಲಾಗಿತ್ತು.

ಎರಡು ಹೆಸರೂ ಸುಳ್ಳಲ್ಲ. ತಮಾಷೆ ಇರುವುದೇ ಅಲ್ಲಿ. ಎತ್ತಿನಹೊಳೆ ಸಕಲೇಶಪುರ ತಾಲ್ಲೂಕಿನದ್ದು. ಅದರ ನೀರು ಗುಂಡ್ಯ ಹೊಳೆಗೆ, ಅಲ್ಲಿಂದ ಕುಮಾರಧಾರೆಗೆ ಹೋಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಹಾಗಾಗಿ ಎತ್ತಿನಹೊಳೆಯ ನೀರು ಎತ್ತಿದರೆ ನೇತ್ರಾವತಿಗೆ ಕಡಿಮೆಯಾಗುತ್ತದೆ ಅನ್ನುವುದು ನಿಜ. ಇಡೀ ನೇತ್ರಾವತಿಯನ್ನೇ ತಿರುಗಿಸುತ್ತಾರೆ ಅನ್ನುವ ಚಿತ್ರ ಮಾತ್ರ ನಿಜವಲ್ಲ. ‘ತಿರುವು’ ಎಂದ ಕೂಡಲೇ ಕರಾವಳಿಯವರ ಕಣ್ಣಿಗೆ ಬತ್ತಿದ ನದಿ ಬರುತ್ತದೆ. ‘ಕುಡಿಯುವ ನೀರು’ ಎಂದರೆ ಬಯಲುಸೀಮೆಯವರ ಕಣ್ಣಿಗೆ ಸೊಂಟದ ಮೇಲಿನ ಬಿಂದಿಗೆ ಬರುತ್ತದೆ. ಕುಡಿಯುವ ನೀರು ಕೊಡಬೇಡಿ ಎನ್ನುವ ಎದೆ ಯಾರಿಗಿದೆ? ಪ್ರಶ್ನೆ ಕೇಳಲು ಬಾಯಿ ತೆರೆಯುವ ಮೊದಲೇ ನೀವು ಕಟುಕರಾಗಿರುತ್ತೀರಿ.

ಆ ಹೆಸರಿಗೆ ಕಾನೂನಿನ ಬಲವೂ ಇತ್ತು. ನನಗೆ ಇದು ಗೊತ್ತಾಗಿದ್ದು ತಡವಾಗಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ದೊಡ್ಡ ನೀರಾವರಿ ಯೋಜನೆಗಳಿಗೆ ಪರಿಸರ ಅನುಮತಿ ಬೇಕು, ಕುಡಿಯುವ ನೀರಿನ ಯೋಜನೆಗೆ ಬೇಕಿಲ್ಲ. ಎತ್ತಿನಹೊಳೆಯ 24.01 ಟಿಎಂಸಿಯಲ್ಲಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಸುಮಾರು 14 ಟಿಎಂಸಿ ಕುಡಿಯಲು, ಉಳಿದದ್ದು ಕೆರೆ ತುಂಬಿಸಲು. ಹಾಗಿದ್ದರೆ ಇದು ನಿಜವಾಗಿ ಯಾವ ಯೋಜನೆ ಎಂದು ಹಸಿರು ನ್ಯಾಯಮಂಡಳಿಯಲ್ಲೂ ವಾದ ನಡೆಯಿತು. ಇತ್ತ ಕೋಲಾರ, ಚಿಕ್ಕಬಳ್ಳಾಪುರದ ರೈತರು ವರ್ಷಗಟ್ಟಲೆ ಕೂಗಿದ್ದು ‘ಶಾಶ್ವತ ನೀರಾವರಿ ಬೇಕು’ ಎಂದು. ವೇದಿಕೆಯ ಮೇಲೆ ನೀರಾವರಿ, ಕಡತದಲ್ಲಿ ಕುಡಿಯುವ ನೀರು. ನಾನು ಎರಡನ್ನೂ ಒಂದೇ ಪುಟದಲ್ಲಿ, ಒಂದೇ ದಿನ ಹಾಕಿದ್ದೇನೆ. ಒಂದಕ್ಕೊಂದು ತಾಳೆಯಾಗುತ್ತಿಲ್ಲವಲ್ಲ ಅನ್ನುವ ಯೋಚನೆ ಕೂಡ ಬಂದಿರಲಿಲ್ಲ.

ನೋಟ್‌ಬುಕ್ ಇಡಲು ಶುರು ಮಾಡಿದ್ದು ಒಂದು ಫೋನ್ ಕರೆಯಿಂದ. ‘ವ್ಯರ್ಥವಾಗಿ ಸಮುದ್ರ ಸೇರುವ ನೀರು ಬಯಲುಸೀಮೆಗೆ’ ಎಂದು ನಾನು ತಲೆಬರಹ ಕೊಟ್ಟಿದ್ದೆ. ಹೇಳಿಕೆ ಯಾರದ್ದೋ ರಾಜಕಾರಣಿಯದ್ದು. ಅದಕ್ಕೆ ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಜಾಗ ಇರಲಿಲ್ಲ ಅನ್ನುವುದು ನೆಪ. ನಿಜ ಏನೆಂದರೆ ಆ ಮಾತು ನನಗೆ ಯಾರದೋ ಹೇಳಿಕೆ ಎಂದೇ ಅನ್ನಿಸಿರಲಿಲ್ಲ, ಗಾದೆಯ ಥರ ಒಳಗೆ ಇಳಿದುಬಿಟ್ಟಿತ್ತು. ಮಧ್ಯಾಹ್ನ ಮಂಗಳೂರಿನ ಹಳೇ ಪರಿಚಯದವರೊಬ್ಬರು, ಮೀನುಗಾರಿಕೆಯವರು, ಫೋನ್ ಮಾಡಿದರು.

‘ಮಾರಾಯ್ರೆ, ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಅಂತ ನಿಮಗೆ ಯಾರು ಹೇಳಿದ್ದು? ಮಳೆಗಾಲದಲ್ಲಿ ಹೊಳೆ ನೀರು ಬಾರದಿದ್ದರೆ ಅಳಿವೆಯಲ್ಲಿ ಮೀನು ಎಂತ ತಿನ್ನುವುದು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಂಗಳೂರಿನಲ್ಲಿ ಅಷ್ಟು ವರ್ಷ ಬಂಗುಡೆ ತಿಂದವನು ನಾನು. ಅಂದು ಸಂಜೆ ಸ್ಟೇಷನರಿ ಕಪಾಟಿನಿಂದ ಉದ್ದನೆಯ ಲೆಕ್ಕದ ಪುಸ್ತಕ ಒಂದನ್ನು ಎತ್ತಿಕೊಂಡೆ. ಜಮಾ ಕಡೆ ಬಂದ ಪದ, ಖರ್ಚು ಕಡೆ ಅದನ್ನು ಬಿಡಿಸಿ ಹೇಳಿದರೆ ಏನಾಗುತ್ತದೆ ಅನ್ನುವುದು. ಮೊದಲ ಸಾಲು: ‘ವ್ಯರ್ಥ’. ಎದುರಿಗೆ ಬರೆದದ್ದು: ‘ಯಾರಿಗೆ?’

ಮೊದಲ ವಾರದಲ್ಲೇ ಪುಸ್ತಕ ತುಂಬತೊಡಗಿತು. ‘ದರ ಪರಿಷ್ಕರಣೆ’ ಬಂತು. ಇಷ್ಟು ವರ್ಷದಲ್ಲಿ ದರ ಇಳಿಸಿದಾಗ ಯಾರೂ ಅದನ್ನು ಪರಿಷ್ಕರಣೆ ಎಂದು ಕರೆದದ್ದು ನಾನು ಕಂಡಿಲ್ಲ. ಇಳಿದರೆ ‘ಇಳಿಕೆ’, ‘ಜನರಿಗೆ ಕೊಡುಗೆ’. ಏರಿದರೆ ಪರಿಷ್ಕರಣೆ. ‘ಅಹಿತಕರ ಘಟನೆ’ ಬಂತು. 2023ರ ಚುನಾವಣೆಯ ಹೊತ್ತಿಗೆ ‘ಗ್ಯಾರಂಟಿ’ ಮತ್ತು ‘ಬಿಟ್ಟಿ ಭಾಗ್ಯ’ ಜೋಡಿಯಾಗಿ ಬಂದವು. ಒಂದೇ 2,000 ರೂಪಾಯಿ, ಕೊಡುವವರ ಬಾಯಲ್ಲಿ ಗ್ಯಾರಂಟಿ, ಎದುರಿನವರ ಬಾಯಲ್ಲಿ ಬಿಟ್ಟಿ. ಕೈಗಾರಿಕೆಗೆ ಭೂಮಿ, ತೆರಿಗೆ ವಿನಾಯಿತಿ ಕೊಟ್ಟರೆ ಅದು ‘ಉತ್ತೇಜನ’. ಅದನ್ನು ಬಿಟ್ಟಿ ಎಂದವರನ್ನು ನಾನು ಕಾಣೆ. ಸಾಧ್ಯವಾದಾಗಲೆಲ್ಲ ‘ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ’ ಎಂದು ಬರೆದೆ. ಹಣ ಎಷ್ಟು, ಯಾರಿಗೆ ಎಂದು ಹೇಳಿಬಿಟ್ಟರೆ ಓದುವವರು ತಾವೇ ಹೆಸರಿಟ್ಟುಕೊಳ್ಳುತ್ತಾರೆ.

ಪದಗಳಿಗಿಂತ ಕ್ರಿಯಾಪದಗಳು ಕಳ್ಳರು ಅಂತ ಗೊತ್ತಾಗಲು ಇನ್ನೂ ಸಮಯ ಹಿಡಿಯಿತು. ಒಂದು ಭಾನುವಾರ ಹಿಂದಿನ ವಾರದ ನನ್ನದೇ ಪುಟಗಳನ್ನು ಹರಡಿಕೊಂಡು ಕೆಂಪು ಪೆನ್ನಿನಲ್ಲಿ ‘ಹೇಳಿದರು’ ಬರುವ ಜಾಗಗಳಿಗೆಲ್ಲ ಸುತ್ತು ಹಾಕುತ್ತ ಹೋದೆ. ಮಂತ್ರಿ, ಅಧಿಕಾರಿ ಮಾತಾಡಿದರೆ ‘ಸ್ಪಷ್ಟಪಡಿಸಿದರು’, ‘ಭರವಸೆ ನೀಡಿದರು’. ರೈತ ಸಂಘದವರು ಮಾತಾಡಿದರೆ ‘ಆರೋಪಿಸಿದರು’, ‘ಕಿಡಿ ಕಾರಿದರು’. ಸ್ಪಷ್ಟಪಡಿಸಿದರು ಅಂದರೆ ಏನರ್ಥ? ವಿಷಯ ಮೊದಲೇ ನಿಜ, ನಿಮಗೆ ಮಸುಕಾಗಿತ್ತು, ಅವರು ಕನ್ನಡಕ ಒರೆಸಿಕೊಟ್ಟರು. ಆರೋಪಿಸಿದರು ಅಂದರೆ ಇನ್ನೂ ಸಾಬೀತಾಗಬೇಕು. ಇಬ್ಬರೂ ಮಾಡಿದ್ದು ಮೈಕ್ ಮುಂದೆ ಮಾತಾಡಿದ್ದಷ್ಟೇ ಅಲ್ವಾ?

ಅದರಲ್ಲೇ ನನ್ನ ಬಣ್ಣವೂ ಬಯಲಾಯಿತು. ನನಗೆ ಹಿಡಿಸದ ಪಕ್ಷದವರೆಲ್ಲ ಆ ವಾರ ‘ಗುಡುಗಿದ್ದರು’, ‘ಹರಿಹಾಯ್ದಿದ್ದರು’. ನನಗೆ ಹಿಡಿಸುವವರು ‘ಅಭಿಪ್ರಾಯಪಟ್ಟಿದ್ದರು’. ನಾನು ಪಕ್ಷಪಾತಿ ಅಲ್ಲ ಎಂದು ಹೆಂಡತಿಯ ಹತ್ತಿರ ವಾದ ಮಾಡಿದ್ದು ನೆನಪಾಗಿ ಪುಟಗಳನ್ನು ಬೇಗ ಮಡಿಸಿಟ್ಟೆ. ಅಂದಿನಿಂದ ಎಲ್ಲರಿಗೂ ‘ಹೇಳಿದರು’. ಸುದ್ದಿ ಸಪ್ಪೆ ಅನ್ನಿಸುತ್ತದೆ ಎಂದು ಕಿರಿಯರು ಗೊಣಗಿದ್ದಾರೆ. ಗೊಣಗಲಿ.

ಕನ್ನಡದಲ್ಲಿ ಇನ್ನೊಂದು ಬಲೆ ಇದೆ. ‘ಅವರು’ ಮತ್ತು ‘ಈತ’. ಸರ ಕಿತ್ತ ಆರೋಪದಲ್ಲಿ ಸಿಕ್ಕ ಹುಡುಗ ಠಾಣೆಗೆ ಬರುವಷ್ಟರಲ್ಲೇ ‘ಈತ’, ತಲೆಬರಹದಲ್ಲಿ ‘ಸರಗಳ್ಳನ ಬಂಧನ’. ಕೋಟಿಗಟ್ಟಲೆ ವಂಚನೆಯ ಆರೋಪ ಹೊತ್ತ ಉದ್ಯಮಿ ಜೈಲಿಗೆ ಹೋದ ಮೇಲೂ ‘ಅವರು’, ತಲೆಬರಹದಲ್ಲಿ ‘ಉದ್ಯಮಿಯ ವಿಚಾರಣೆ’. ಇಬ್ಬರ ಮೇಲೂ ತೀರ್ಪು ಬಂದಿಲ್ಲ. ವ್ಯಾಕರಣವೇ ತೀರ್ಪು ಕೊಟ್ಟಾಗಿರುತ್ತದೆ. ಇದನ್ನು ಸರಿ ಮಾಡಲು ಹೋಗಿ ನಗೆಪಾಟಲಾದೆ. ಎಲ್ಲ ಆರೋಪಿಗಳಿಗೂ ‘ಅವರು’ ಹಾಕಿದ ಒಂದು ದಿನ ಕ್ರೈಂ ವರದಿಗಾರ ಬಂದು, ‘ಸಾರ್, ಇವರಿಗೆ ಹಾರ ತುರಾಯಿನೂ ತರಿಸೋಣ್ವಾ?’ ಎಂದ. ಈಗ ಇಬ್ಬರಿಗೂ ‘ಆರೋಪಿ’ ಎಂದೇ ಬರೆದು, ಸರ್ವನಾಮ ಬಾರದ ಹಾಗೆ ವಾಕ್ಯ ತಿರುಗಿಸುತ್ತೇನೆ. ಪೂರ್ತಿ ಗೆದ್ದಿಲ್ಲ.

ಇನ್ನು ‘-ಲಾಗಿದೆ’. ಸರ್ಕಾರಿ ಪ್ರಕಟಣೆಯ ಕನ್ನಡ ಓದಿದರೆ ಈ ನಾಡಿನಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲ ತಾನಾಗಿ ಮಾಡಲಾಗುತ್ತದೆ. ‘ಮನೆಗಳನ್ನು ತೆರವುಗೊಳಿಸಲಾಯಿತು.’ ಮನೆ ಕಳೆದುಕೊಂಡವರ ಬಾಯಲ್ಲಿ ಈ ವಾಕ್ಯ ಬರುವುದೇ ಇಲ್ಲ. ಅವರು ಹೇಳುವುದು, ‘ಜೆಸಿಬಿ ತಂದು ಒಡೆದು ಹಾಕಿದ್ರು.’ ನಮ್ಮ ಮಾತಿನ ಕನ್ನಡಕ್ಕೆ ಮಾಡಿದವರು ಬೇಕೇ ಬೇಕು. ಕಚೇರಿ ಕನ್ನಡಕ್ಕೆ ಬೇಡ.

ನನ್ನಿಂದ ಆದ ದೊಡ್ಡ ತಪ್ಪು ಇಲ್ಲಿಯದೇ. ಒಂದು ಪ್ರತಿಭಟನೆಯ ಸುದ್ದಿ ರಾತ್ರಿ ಹನ್ನೊಂದರ ಮೇಲೆ ಬಂತು. ಊರು ಹೇಳುವುದಿಲ್ಲ. ಪುಟ ಬಿಡುವ ಆತುರ. ಪೊಲೀಸರ ಪ್ರಕಟಣೆಯಲ್ಲಿ ‘ಪರಿಸ್ಥಿತಿ ನಿಯಂತ್ರಿಸಲು ಲಘು ಲಾಠಿ ಪ್ರಹಾರ ನಡೆಸಲಾಯಿತು’ ಎಂದಿತ್ತು. ಹಾಗೇ ಹಾಕಿದೆ. ಬೆಳಿಗ್ಗೆ ಫೋಟೊಗ್ರಾಫರ್ ತನ್ನ ಕ್ಯಾಮೆರಾದ ಉಳಿದ ಚಿತ್ರಗಳನ್ನು ತೋರಿಸಿದ. ಐವತ್ತು ದಾಟಿದ ಒಬ್ಬರು ಜಿಲ್ಲಾಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ತಲೆಗೆ ಹಾಕಿದ ಹೊಲಿಗೆ ಬೋಳಿಸಿದ ಕೂದಲಿನ ನಡುವೆ ಕರೀ ಇರುವೆ ಸಾಲಿನ ಥರ ಕಾಣುತ್ತಿತ್ತು. ಎಣಿಸಿದೆ. ಏಳು. ಲಘು ಅಂದರೆ ಯಾರ ಕೈಗೆ ಲಘು? ಬೀಸಿದವರ ಕೈಗೋ, ತಿಂದವರ ತಲೆಗೋ? ಮರುದಿನ ‘ಪೊಲೀಸರು ಲಾಠಿಯಿಂದ ಹೊಡೆದರು, ಒಬ್ಬರ ತಲೆಗೆ ಏಳು ಹೊಲಿಗೆ’ ಎಂದು ಮತ್ತೆ ಬರೆದೆ. ಅದು ಒಳಪುಟದಲ್ಲಿ ಬಂತು. ಮುಖಪುಟದಲ್ಲಿ ಓದಿದವರ ತಲೆಯಲ್ಲಿ ‘ಲಘು’ ಉಳಿದೇ ಉಳಿಯಿತು. ನೋಟ್‌ಬುಕ್ಕಿನಲ್ಲಿ ಆ ಪದದ ಎದುರು ಏಳು ಗೀರು ಹಾಕಿದ್ದೇನೆ.

ಅಂಕಿ ಕೂಡ ಭಾಷೆಯೇ. 24.01 ಟಿಎಂಸಿ. ಆ .01 ನೋಡಿ, ಯಾರೋ ಚೊಂಬಿನಲ್ಲಿ ಅಳೆದ ಹಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಲ್ಲಿ ಸಿಗುವ ನೀರು ಸುಮಾರು 9.55 ಟಿಎಂಸಿ ಎಂದಿತ್ತು. ಸರ್ಕಾರದ ಅಂಕಿ ಪ್ರತಿ ಸುದ್ದಿಯಲ್ಲೂ ಯೋಜನೆಯ ಹೆಸರಿನ ಜೊತೆ ಅಂಟಿಕೊಂಡೇ ಬರುತ್ತಿತ್ತು, ಈ ಅಂಕಿ ಮಾತ್ರ ‘ತಜ್ಞರ ಆಕ್ಷೇಪ’ ಎಂಬ ಪೆಟ್ಟಿಗೆಯೊಳಗೆ. ಖರ್ಚು 2012ರಲ್ಲಿ 8,323 ಕೋಟಿ ಇದ್ದದ್ದು ಎರಡೇ ವರ್ಷಕ್ಕೆ 12,912 ಕೋಟಿ, 2023ಕ್ಕೆ 23,251 ಕೋಟಿ. ಪ್ರತಿ ಸಲವೂ ‘ಪರಿಷ್ಕೃತ ಅಂದಾಜು’. ನಾನು ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕತೊಡಗಿದೆ. ಬೇರೆ ಏನೂ ಸೇರಿಸಲಿಲ್ಲ.

ಕರಾವಳಿಯವರ ಪದ ಸಾಚಾ, ಸರ್ಕಾರದ್ದು ಮಾತ್ರ ಪ್ರಚಾರ ಅನ್ನುವುದಲ್ಲ ನನ್ನ ಮಾತು. ಕೋಲಾರದ ಮಾಲೂರು ಕಡೆ ಒಂದು ಹಳ್ಳಿಗೆ ಹೋಗಿದ್ದಾಗ ಸಾವಿರ ಅಡಿ ದಾಟಿದರೂ ಬರೀ ಧೂಳು ಉಗುಳಿದ ಬೋರ್‌ವೆಲ್ ತೋರಿಸಿದರು. ಆ ಮನೆಯ ಅಜ್ಜಿ ಕೇಳಿದ್ದು: ‘ಅವರು ನದಿ ತಾಯಿ ಅಂತಾರಂತೆ. ತಾಯಿ ಅಂದ್ಮೇಲೆ ನಮಗೂ ತಾಯಿ ಅಲ್ವೇನಪ್ಪ?’ ‘ಜೀವನದಿ’, ‘ತಾಯಿ’ ಅನ್ನುವ ಪದಗಳು ಬಂದಲ್ಲಿ ಲೆಕ್ಕ ಕೇಳುವುದು ಅಪಚಾರವಾಗುತ್ತದೆ. ‘ಕುಡಿಯುವ ನೀರು’ ಮಾಡುವ ಕೆಲಸವೂ ಅದೇ. ಇದೇ ಕೋಲಾರದ ಕೆರೆಗಳಿಗೆ 2018ರಲ್ಲಿ ಕೆ.ಸಿ. ವ್ಯಾಲಿಯಿಂದ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ, ಬೆಂಗಳೂರಿನ ನೀರು ಬಂತಲ್ಲ, ಅದು ಒಬ್ಬರಿಗೆ ‘ಸಂಸ್ಕರಿಸಿದ ನೀರು’, ಇನ್ನೊಬ್ಬರಿಗೆ ‘ಕೊಳಚೆ ನೀರು’. ಎರಡು ಹಂತ ಸಂಸ್ಕರಿಸಿದ್ದಾರೆ, ಮೂರನೇ ಹಂತ ಬೇಕು ಎಂಬುದು ಜಗಳ. ‘ಎರಡು ಹಂತದಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು’ ಎಂದು ಬರೆದೆ. ಎರಡೂ ಕಡೆಯವರು ಬೈದರು. ಜೊತೆಗೆ ಪುಟ ಕಟ್ಟುವವನೂ ಬೈದ, ಸಿಂಗಲ್ ಕಾಲಂನಲ್ಲಿ ಅಷ್ಟುದ್ದ ಹಿಡಿಸುವುದಿಲ್ಲ ಅಂತ. ಪ್ರಚಾರದ ಪದಗಳು ಗೆಲ್ಲುವುದಕ್ಕೆ ಅವು ಚಿಕ್ಕದಾಗಿರುವುದೂ ಒಂದು ಕಾರಣ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ಆದರೆ ರಾತ್ರಿ ಹನ್ನೊಂದಕ್ಕೆ ನನ್ನ ಕೈ ಕಟ್ಟಿಹಾಕುವುದು ಸಿದ್ಧಾಂತ ಅಲ್ಲ, ಕಾಲಂ ಅಗಲ.

2024ರ ಸೆಪ್ಟೆಂಬರ್ 6, ಗೌರಿ ಹಬ್ಬ. ಸಕಲೇಶಪುರದ ಬಳಿ ಎತ್ತಿನಹೊಳೆಯ ಮೊದಲ ಹಂತ ‘ಲೋಕಾರ್ಪಣೆ’ ಆಯಿತು. ಪ್ರಕಟಣೆಯ ತುಂಬ ‘ಕನಸು ನನಸು’, ‘ಭಗೀರಥ’. ಕೋಲಾರದವರೆಗಿನ ಕಾಲುವೆ ಇನ್ನೂ ಮುಗಿದಿರಲಿಲ್ಲ. ಹಬ್ಬದ ರಜೆಯಿಂದ ಡೆಸ್ಕಿನಲ್ಲಿ ಮೂರೇ ಜನ. ‘ಬಯಲುಸೀಮೆಗೆ ಹರಿದ ಎತ್ತಿನಹೊಳೆ’ ಎಂದು ಕಿರಿಯ ಹುಡುಗಿ ತಲೆಬರಹ ಕೊಟ್ಟಿದ್ದಳು. ಒಳ್ಳೇ ಲಯ ಇತ್ತು. ನಾನು ಕೋಲಾರದ ನಮ್ಮ ವರದಿಗಾರನಿಗೆ ಫೋನ್ ಹಚ್ಚಿದೆ.

‘ನೀರು ಬಂತಾ ನಿಮ್ಮಲ್ಲಿಗೆ?’

‘ಫ್ಲೆಕ್ಸ್ ಬಂದಿದೆ ಸಾರ್,’ ಎಂದ.

‘ಎತ್ತಿನಹೊಳೆ ಪಂಪ್ ಶುರು, ಕೋಲಾರ ಇನ್ನೂ ದೂರ’ ಎಂದು ಬದಲಾಯಿಸಿದೆವು. ಮಂಗಳೂರಿನವರು ಏನು ಕೊಟ್ಟಿದ್ದಾರೆ ಎಂದು ಪುಟ ತೆರೆದು ನೋಡಿದೆ. ‘ನೇತ್ರಾವತಿಗೆ ಕೊನೆಗೂ ಕುತ್ತು.’ ಅಲ್ಲಿನ ಮುಖ್ಯ ಉಪಸಂಪಾದಕರಿಗೆ ನಂಬರ್ ಒತ್ತಿದೆ. ರಿಂಗ್ ಆಯಿತು. ಹಬ್ಬದ ದಿನ, ಎತ್ತಲಿಲ್ಲ.