6.99 ಅಲ್ಲ, 7.02: ನನ್ನ ಸಿಜಿಪಿಎ ನಾನೇ ಲೆಕ್ಕ ಹಾಕಿದ್ದು

ಬಿ.ಎಸ್ಸಿ. ಆರನೇ ಸೆಮಿಸ್ಟರ್ ರಿಸಲ್ಟ್ ಬಂದಾಗ ನಾನು ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಬರುತ್ತಿದ್ದೆ. ಆರೂ ಸೆಮಿಸ್ಟರ್‌ಗಳ ಎಸ್‌ಜಿಪಿಎ (ಒಂದೊಂದು ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟ್, 10ಕ್ಕೆ) ಮೊಬೈಲಿನಲ್ಲಿ ಕೂಡಿಸಿ ಆರರಿಂದ ಭಾಗಿಸಿದೆ. ಸಿಜಿಪಿಎ, ಅಂದರೆ ಇಡೀ ಡಿಗ್ರಿಯ ಸರಾಸರಿ, 6.99 ಬಂತು. ನಮ್ಮ ಅಂಕಪಟ್ಟಿಯ ಹಿಂದಿರುವ ಕೋಷ್ಟಕದ ಪ್ರಕಾರ 7 ಇದ್ದರೆ ಡಿಸ್ಟಿಂಕ್ಷನ್. ಅಣ್ಣಿಗೇರಿ ದಾಟುವವರೆಗೂ ಯಾರ ಜೊತೆಗೂ ಮಾತಾಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ಎಪಿಎಂಸಿಗೆ ಹೆಸರುಕಾಳು, ಶೇಂಗಾ ಹಾಕುವವರು. ಎಲ್ಲಾ ಸೆಮಿಸ್ಟರ್‌ದೂ ತೂಕ ಒಂದೇನಾ ಅಂತ ಕೇಳಿದರು. ಮೊದಲ ನಾಲ್ಕಕ್ಕೆ ತಲಾ 20 ಕ್ರೆಡಿಟ್, ಕೊನೆಯ ಎರಡಕ್ಕೆ ತಲಾ 26 ಅಂದೆ. (ಕ್ರೆಡಿಟ್ ಅಂದರೆ ಪೇಪರ್‌ಗೆ ಕೊಟ್ಟ ತೂಕ.) "ಮತ್ತ 20 ಚೀಲ ಒಂದು ದರಕ್ಕ, 26 ಚೀಲ ಇನ್ನೊಂದು ದರಕ್ಕ ಮಾರಿದ್ರ, ಎರಡೂ ದರ ಕೂಡಿಸಿ ಅರ್ಧ ಮಾಡತಾರೇನವ್ವಾ?" ಅಂದರು.

ಊಟ ಅಲ್ಲಿಗೇ ಬಿಟ್ಟು ನೋಟ್‌ಬುಕ್ ತಂದೆ.

ಮೂರನೇ ಸೆಮಿಸ್ಟರ್‌ನಿಂದ ಶುರು ಮಾಡಿದೆ. ಭೌತಶಾಸ್ತ್ರ 4 ಕ್ರೆಡಿಟ್, ಗ್ರೇಡ್ ಪಾಯಿಂಟ್ 5. ಗಣಿತ 4 ಕ್ರೆಡಿಟ್, ಪಾಯಿಂಟ್ 6. ಎರಡೂ ಪ್ರಾಕ್ಟಿಕಲ್‌ಗೆ ತಲಾ 2 ಕ್ರೆಡಿಟ್, 9 ಪಾಯಿಂಟ್. ಕನ್ನಡ 3 ಕ್ರೆಡಿಟ್, 8. ಇಂಗ್ಲಿಷ್ 3 ಕ್ರೆಡಿಟ್, 7. ಪರಿಸರ ಅಧ್ಯಯನ 2 ಕ್ರೆಡಿಟ್, 9. ಸುಮ್ನೆ ಪಾಯಿಂಟ್ ಕೂಡಿಸಿ ಏಳರಿಂದ ಭಾಗಿಸಿದರೆ 7.57. ಆದರೆ ಪ್ರತಿ ವಿಷಯದ ಕ್ರೆಡಿಟ್‌ಗೆ ಪಾಯಿಂಟ್ ಗುಣಿಸಿದರೆ 20, 24, 18, 18, 24, 21, 18. ಒಟ್ಟು 143 ಕ್ರೆಡಿಟ್ ಪಾಯಿಂಟ್. ಅದನ್ನು 20 ಕ್ರೆಡಿಟ್‌ನಿಂದ ಭಾಗಿಸಿದರೆ 7.15. ಅಂಕಪಟ್ಟಿಯಲ್ಲೂ ಅದೇ ಇತ್ತು. 9 ಬಂದದ್ದೆಲ್ಲ ಸಣ್ಣ ಪೇಪರ್‌ಗಳಲ್ಲಿ, ಕಮ್ಮಿ ಬಂದದ್ದು ದೊಡ್ಡ ಪೇಪರ್‌ಗಳಲ್ಲಿ. ಮೂರು ವರ್ಷ ಓದಿದರೂ ಇದು ನನಗೆ ಅವತ್ತೇ ಹೊಳೆದದ್ದು.

ಆಮೇಲೆ ಆರೂ ಸೆಮಿಸ್ಟರ್‌ಗಳ ಕ್ರೆಡಿಟ್ ಪಾಯಿಂಟ್ ಬರೆದೆ: 132, 136, 143, 138, 188, 189. ಒಟ್ಟು 926. ಕ್ರೆಡಿಟ್ ಒಟ್ಟು 132. ಭಾಗಿಸಿದರೆ 7.02! ಕೊನೆಯ ವರ್ಷ ನಾನು ಚೆನ್ನಾಗಿ ಓದಿದ್ದೆ, ಆ ವರ್ಷದ ತೂಕವೂ ಜಾಸ್ತಿ ಇತ್ತು. ಅವ್ವನನ್ನು ಎಬ್ಬಿಸಿ ಹೇಳಿದೆ.

ನೀವು ಲೆಕ್ಕ ಹಾಕುವಾಗ ಎಸ್‌ಜಿಪಿಎಯಿಂದ ಶುರು ಮಾಡಬೇಡಿ. ಅದು ಆಗಲೇ ಎರಡು ದಶಮಾಂಶಕ್ಕೆ ಇಳಿಸಿದ ಸಂಖ್ಯೆ. ಕ್ರೆಡಿಟ್ ಪಾಯಿಂಟ್‌ಗಳಿಂದಲೇ ಶುರು ಮಾಡಿ, ಕೊನೆಗೆ ಒಮ್ಮೆ ಮಾತ್ರ ದಶಮಾಂಶ ಇಳಿಸಿ. ಗ್ರೇಡ್ ಪಾಯಿಂಟ್ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾದರಿಯಲ್ಲಿ ಓ ಅಂದರೆ 10, ಎ ಪ್ಲಸ್ 9, ಎ 8, ಹೀಗೆ ಇಳಿದು ಪಿ ಅಂದರೆ 4. ಕೆಲವು ವಿಶ್ವವಿದ್ಯಾಲಯಗಳಲ್ಲಿ 67 ಅಂಕಕ್ಕೆ ನೇರವಾಗಿ 6.7 ಕೊಡುತ್ತಾರೆ. ಕ್ಲಾಸ್ ಯಾವುದು ಅನ್ನುವುದಕ್ಕೂ ನಿಮ್ಮದೇ ಅಂಕಪಟ್ಟಿಯ ಹಿಂಭಾಗ ನೋಡಿ, ಗೆಳತಿಯದ್ದಲ್ಲ.

ಎಂ.ಎಸ್ಸಿ. ಅರ್ಜಿ ತುಂಬಿಸಲು ಒಂದು ಆನ್‌ಲೈನ್ ಸೆಂಟರ್‌ಗೆ ಹೋದಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಶೇಕಡಾವಾರು ಕಾಲಂನಲ್ಲಿ ಅಲ್ಲಿನ ಹುಡುಗ 66.69 ಅಂತ ಹಾಕಿದ್ದ. ಸಿಜಿಪಿಎಯನ್ನು 9.5ರಿಂದ ಗುಣಿಸಿದ್ದನಂತೆ. ಆ 9.5 ಸಿಬಿಎಸ್‌ಇ ಹತ್ತನೇ ತರಗತಿಗೆ ಇಟ್ಟಿದ್ದ ಲೆಕ್ಕ, ಡಿಗ್ರಿಯದಲ್ಲ. "ತಮ್ಮಾ, ಒಂದ್ ನಿಮಿಷ ತಡಿ," ಅಂತ ನಮ್ಮ ನಿಯಮದ ಹಾಳೆ ತೆಗೆದು ತೋರಿಸಿದೆ. ಅದರಲ್ಲಿ 10ರಿಂದ ಗುಣಿಸಬೇಕು ಅಂತ ಸ್ಪಷ್ಟವಾಗಿ ಇತ್ತು. ಅವನು ಅಳಿಸಿ 70.2 ಅಂತ ಹಾಕಿದ. ನಾನು ಎರಡು ಸಲ ಓದಿ ನೋಡಿದ ಮೇಲೆಯೇ ಸಬ್‌ಮಿಟ್ ಒತ್ತಲು ಹೇಳಿದೆ.